ಗೊರಸು ನೋಡಿ ಲಾಳ

ಕಾಯಿದೆ ಓದಿದವರಿಗೆಲ್ಲ ಒಂದು ಕುದುರೆಯ ಪರಿಚಯ ಇದ್ದೇ ಇರುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ, ವಂಚನೆ ಎಂದರೇನು ಎಂಬುದನ್ನು ವಿವರಿಸಲು ಕೊಟ್ಟ ದೃಷ್ಟಾಂತಗಳಲ್ಲಿ ಆ ಕುದುರೆ ನಿಂತಿದೆ. ಕುದುರೆಯಲ್ಲಿ ದೋಷವಿದೆಯೆಂದು ತಿಳಿದೂ ಮಾಲೀಕನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಬಾಯಿ ಬಿಡುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀನು ಅಲ್ಲವೆನ್ನದಿದ್ದರೆ ಕುದುರೆ ನಿರ್ದೋಷವೆಂದೇ ತಿಳಿಯುತ್ತೇನೆ’ ಎಂದಾಗಲೂ ಅವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮಾನ. ಆ ಕುದುರೆಯ ದೋಷ ಯಾವುದೆಂದು ಕಾಯಿದೆ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಯಾರೂ ಕೇಳುವುದೂ ಇಲ್ಲ. ನನ್ನ ಮಟ್ಟಿಗೆ ಅದು ಕಾಲು, ಬಾಲ, ಕೇಸರ ಯಾವುದೂ ಇಲ್ಲದ, ಬರಿಯ ಅಕ್ಷರದ ಕುದುರೆಯಾಗಿತ್ತು. ಹೋದ ವರ್ಷ ವೈಶಾಖದಲ್ಲಿ ನಿಜವಾದ ಕುದುರೆಯೊಂದರ ಪ್ರಕರಣ ನನ್ನ ಕಚೇರಿಗೆ ಬಂದಾಗ ನನ್ನ ವಿದ್ಯೆಯ ಅಳತೆ ನನಗೆ ತಿಳಿಯಿತು.

ಬಂದವನು ಅಕ್ಕಲಕೋಟ ತಾಲೂಕಿನ ಹಳ್ಳಿಯವನು. ಮದುವೆಯ ಮೆರವಣಿಗೆಗಳಿಗೆ ಕುದುರೆ ಒದಗಿಸುವುದು ಅವನ ಉದ್ಯೋಗ. ಹೆಣ್ಣು ಕುದುರೆಯ ಹೆಸರು ರಾಣಿ. ಡೋಲು ತಾಸೆಗಳ ಸದ್ದಿಗೆ ಮುಂಗಾಲೆತ್ತಿ ಕುಣಿಯುತ್ತಾಳೆಂಬ ಕಾರಣಕ್ಕೆ ಸೋಲಾಪುರದ ಬೀದಿಗಳಲ್ಲಿ ಅವಳಿಗೆ ಬೇಡಿಕೆ ಹೆಚ್ಚು. ಒಂದು ಮೆರವಣಿಗೆಯಲ್ಲಿ ಅವಳು ಕುಂಟುತ್ತಿದ್ದುದನ್ನು ಪ್ರಾಣಿದಯಾ ಸಂಘದವರೊಬ್ಬರು ಕಂಡು ದೂರು ಕೊಟ್ಟಿದ್ದರು. 1960ರ ಪ್ರಾಣಿಹಿಂಸೆ ಪ್ರತಿಬಂಧಕ ಕಾಯಿದೆಯ 11ನೆಯ ಕಲಮಿನ ಪ್ರಕಾರ, ರೋಗ, ಗಾಯ ಅಥವಾ ಅಶಕ್ತತೆಯಿಂದ ಕೆಲಸಕ್ಕೆ ಅಯೋಗ್ಯವಾದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು ಅಪರಾಧ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲದೆ, 50 ರೂಪಾಯಿ ಮೀರದಂತೆ. ಆ ಮೊತ್ತ ಇಂದಿಗೂ ಹಾಗೆಯೇ ಇದೆ. ಆ ಹಣಕ್ಕೆ ಇಂದು ಕುದುರೆಯ ಒಂದು ಕಾಲಿಗೂ ಲಾಳ ಬರುವುದಿಲ್ಲ.

ಅವನು ಹೆದರಿದ್ದು ದಂಡಕ್ಕಲ್ಲ. “ವಕೀಲ ಸಾಹೇಬ್ರ, ರೊಕ್ಕ ಕಟ್ತೀನ್ರಿ. ಆದ್ರ ರಾಣೀನ ಒಯ್ತಾರಂತಲ್ರಿ?” ಎಂದು ಕೇಳಿದ. ಆ ಭಯ ಸುಳ್ಳಾಗಿರಲಿಲ್ಲ. ಅದೇ ಕಾಯಿದೆಯ 29ನೆಯ ಕಲಮಿನಂತೆ, ಅಪರಾಧ ಸಿದ್ಧವಾದಾಗ ನ್ಯಾಯಾಲಯವು ಪ್ರಾಣಿಯನ್ನು ಸರಕಾರಕ್ಕೆ ಮುಟ್ಟುಗೋಲು ಹಾಕಬಹುದು. ಆದರೆ ಮಾಲೀಕನ ಹಿಂದಿನ ಶಿಕ್ಷೆ, ಅವನ ನಡತೆ, ಅಥವಾ ಪ್ರಾಣಿಯನ್ನು ಅವನು ನಡೆಸಿಕೊಂಡ ರೀತಿ, ಇವುಗಳಿಂದ ಪ್ರಾಣಿಯು ಮುಂದೆಯೂ ಹಿಂಸೆಗೆ ಗುರಿಯಾದೀತೆಂದು ತೋರಿಬರಬೇಕು. ಹಾಗಾದರೆ ನಾನು ತೋರಿಸಬೇಕಾದದ್ದು ಅದರ ವಿರುದ್ಧ: ಈ ಮನುಷ್ಯನ ಕೈಯಲ್ಲಿ ಈ ಕುದುರೆ ಗುಣವಾಗುತ್ತದೆ ಎಂದು. ಆ ಸಾಕ್ಷ್ಯ ಕಾಗದದಲ್ಲಿ ಇರಲಿಲ್ಲ, ಗೊರಸಿನಲ್ಲಿ ಹುಟ್ಟಬೇಕಾಗಿತ್ತು. ಕೆಲಸಕ್ಕೆ ಹಚ್ಚಬಾರದು, ಪಶುವೈದ್ಯರ ವರದಿ ಸಲ್ಲಿಸುತ್ತಿರಬೇಕು ಎಂಬ ಷರತ್ತಿನ ಮೇಲೆ ನ್ಯಾಯಾಲಯವು ರಾಣಿಯನ್ನು ತಾತ್ಕಾಲಿಕವಾಗಿ ಅವನ ಸುಪರ್ದಿಗೇ ಬಿಟ್ಟಿತು.

ಮರುದಿನ ಸರಕಾರಿ ಪಶು ಚಿಕಿತ್ಸಾಲಯದ ಡಾಕ್ಟರಬಾಯಿಯವರು, ಮೂವತ್ತು ವರ್ಷಗಳಿಂದ ಲಾಳ ಹೊಡೆಯುತ್ತಿರುವ ನಾಲಬಂದ ಚಾಚಾ, ಕುದುರೆಯ ಮಾಲೀಕ ಮತ್ತು ನಾನು ಬೇವಿನ ಮರದ ಕೆಳಗೆ ಸೇರಿದೆವು. ವೈದ್ಯೆ ಮೊದಲು ಗೊರಸನ್ನು ಮುಟ್ಟಲಿಲ್ಲ. ದೂರ ನಿಂತು ಪಕ್ಕದಿಂದ ನೋಡಿದರು. ನನ್ನನ್ನೂ ಅಲ್ಲಿ ನಿಲ್ಲಿಸಿ, ಗೊರಸಿನ ಮುಂಭಾಗದ ಇಳಿಜಾರನ್ನೂ ಅದರ ಮೇಲಿನ ಕಾಲಿನ ಎಲುಬಿನ ಇಳಿಜಾರನ್ನೂ ಹೋಲಿಸಿ ನೋಡಲು ಹೇಳಿದರು. ಇವೆರಡೂ ಒಂದೇ ಗೆರೆಯಲ್ಲಿ ಇರಬೇಕು. ರಾಣಿಯ ಮುಂಗಾಲುಗಳಲ್ಲಿ ಆ ಗೆರೆ ಹಿಂದಕ್ಕೆ ಮುರಿದಂತಿತ್ತು. ಗೊರಸಿನ ತುದಿ ಬೆಳೆದು ದೋಣಿಯ ಮೂತಿಯಂತೆ ಮುಂದೆ ಚಾಚಿತ್ತು. ಹಿಮ್ಮಡಿ ಕುಸಿದು ಕಾಲಿನ ಅಡಿಗೆ ಮಡಚಿಕೊಂಡಿತ್ತು. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಆ ಭಾರವನ್ನು ಹೊರಬೇಕಾದ ಹಿಮ್ಮಡಿಯೇ ಇಲ್ಲಿ ತನ್ನ ಜಾಗದಲ್ಲಿರಲಿಲ್ಲ.

ಕಾಲೆತ್ತಿ ತೋರಿಸಿದಾಗ ಉಳಿದದ್ದು ಕಂಡಿತು. ಅಂಗಾಲು ಬಟ್ಟಲಿನಂತೆ ತಗ್ಗಾಗಿರದೆ ತಟ್ಟೆಯಂತೆ ಚಪ್ಪಟೆಯಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಅವಳು ಕಾಲು ಕಸಿದುಕೊಳ್ಳುತ್ತಿದ್ದಳು. ಅಂಗಾಲಿನ ಹಿಂಬದಿಯಲ್ಲಿ ತ್ರಿಕೋನಾಕಾರದ ಮೆತ್ತೆಯೊಂದಿರುತ್ತದೆ. ಪಶುವೈದ್ಯರು ಅದನ್ನು ಫ್ರಾಗ್ ಎನ್ನುತ್ತಾರೆ. ನೆಲ ತಾಗಿದಾಗ ಆಘಾತವನ್ನು ಹೀರುವ ಕೆಲಸದಲ್ಲಿ ಅದರದೂ ಪಾಲಿದೆ. ರಾಣಿಯ ಮೆತ್ತೆ ಸೊರಗಿ, ಅದರ ಸಂದುಗಳಲ್ಲಿ ಕಪ್ಪು ಕೊಳೆತ ವಾಸನೆಯಿತ್ತು. ಎಡ ಮುಂಗಾಲಿನ ಹೊರಮಗ್ಗುಲಲ್ಲಿ, ಮೇಲಿನ ಕೂದಲಂಚಿನವರೆಗೂ ಏರಿದ ಬಿರುಕು. ಮದುವೆಗೆಂದು ಗೊರಸಿಗೆ ಕಪ್ಪು ಬಣ್ಣ ಬಳಿಯುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 17ನೆಯ ಕಲಮಿನ ಕುದುರೆಯ ದೋಷ ಎಲ್ಲಿರಬಹುದೆಂದು ನನಗೆ ಅಂದು ಹೊಳೆಯಿತು.

ಇದು ಹೇಗಾಯಿತು? ಯಾರೂ ದುಷ್ಟರಲ್ಲ. ಬಾಜಾರಿನಲ್ಲಿ ಸಿಗುವ ಸಿದ್ಧ ಲಾಳಗಳಲ್ಲಿ ಅವಳ ಗೊರಸಿಗಿಂತ ಒಂದು ಅಳತೆ ಚಿಕ್ಕದನ್ನು ಹೊಡೆಯಲಾಗುತ್ತಿತ್ತು; ಚಿಕ್ಕ ಲಾಳ ಹಿಂಗಾಲಿನ ತುಳಿತಕ್ಕೆ ಸಿಕ್ಕಿ ಬೇಗ ಕಳಚುವುದಿಲ್ಲ. ಲಾಳಕ್ಕೆ ಹೊಂದುವಂತೆ ಗೊರಸನ್ನು ಅರದಿಂದ ಉಜ್ಜಲಾಗುತ್ತಿತ್ತು. ಸವೆಯುವ ತನಕ ಲಾಳ ಬದಲಿಸುತ್ತಿರಲಿಲ್ಲ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯುತ್ತ ಲಾಳವನ್ನೂ ತನ್ನೊಡನೆ ಮುಂದಕ್ಕೆ ಎಳೆದೊಯ್ಯುತ್ತದೆ. ಮೂರು ತಿಂಗಳು ಬಿಟ್ಟರೆ, ಮೊದಲ ದಿನ ಹಿಮ್ಮಡಿಯ ಕೆಳಗಿದ್ದ ಲಾಳದ ತುದಿ ಈಗ ಅಂಗಾಲಿನ ಅಂಚನ್ನು ಒತ್ತುತ್ತಿರುತ್ತದೆ. ಅದರ ಮೇಲೆ ಡಾಂಬರಿನ ಕುಣಿತ.

ಚಾಚಾ ಇದನ್ನು ಅಲ್ಲಗಳೆಯಲಿಲ್ಲ. ವೈದ್ಯೆ ಕ್ಷಕಿರಣದ ಚಿತ್ರ ತೆಗೆಸಿ ತಂದಾಗ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗೊರಸಿನೊಳಗಿನ ಎಲುಬಿನ ಕೆಳಗೆ ಅಂಗಾಲಿನ ದಪ್ಪ 15 ಮಿಲಿಮೀಟರಾದರೂ ಇರಬೇಕು. ರಾಣಿಯದು ಅದರಲ್ಲಿ ಹೆಚ್ಚುಕಡಿಮೆ ಅರ್ಧ. “ಮೂವತ್ತ್ ವರ್ಷ ಈ ಕೆಲ್ಸ ಮಾಡೀನಿ ಡಾಕ್ಟರಬಾಯಿ. ಒಳಗ ಎಷ್ಟ್ ಐತಂತ ಯಾರೂ ತೋರ್ಸಿದ್ದಿಲ್ಲ” ಎಂದರು. 1965ರಲ್ಲಿಯೇ ಲಾಳ ಹೊಡೆಯುವವರಿಗೆ ಪರವಾನಿಗೆ ಬೇಕೆಂದು ಕೇಂದ್ರ ಸರಕಾರ ನಿಯಮ ಮಾಡಿದೆ. ನಾನು ಅದನ್ನು ಪ್ರಸ್ತಾಪಿಸಿದಾಗ ಚಾಚಾ ನಕ್ಕರು. ಅಂಥದೊಂದು ಇದೆಯೆಂದು ಅವರು ಕೇಳಿದ್ದು ಅದೇ ಮೊದಲು. ನಿಯಮವಿದ್ದೂ ಅದು ತಲುಪಬೇಕಾದ ಕುಲುಮೆಯನ್ನು ತಲುಪಲಿಲ್ಲವೆಂದರೆ ತಪ್ಪು ಕುಲುಮೆಯದೆಂದು ನಾನು ಹೇಳಲಾರೆ.

ಮೊದಲ ಮೂರು ವಾರ ಲಾಳವೇ ಇಲ್ಲ. ಹಳೆಯದನ್ನು ಕಿತ್ತು, ಚಾಚಿದ ತುದಿಯನ್ನು ಹಿಂದಕ್ಕೆ ತಂದು, ಕುಸಿದ ಹಿಮ್ಮಡಿಯನ್ನು ಗಟ್ಟಿ ಭಾಗ ಸಿಗುವವರೆಗೆ ಮಾತ್ರ ಸವರಿ, ಅಂಗಾಲಿಗೆ ಕತ್ತಿ ತಾಗಿಸದೆ, ದಪ್ಪ ಹತ್ತಿ ಮತ್ತು ಪಟ್ಟಿ ಸುತ್ತಿ ಒಣ ಮಣ್ಣಿನ ಮೇಲೆ ನಿಲ್ಲಿಸಲಾಯಿತು. ತೆಳ್ಳಗಿನ ಅಂಗಾಲನ್ನು ‘ಸ್ವಚ್ಛವಾಗಿ ಕಾಣಲಿ’ ಎಂದು ಕೆತ್ತುವುದು ಸಾಮಾನ್ಯವಾದ ತಪ್ಪು. ಇರುವ ಒಂದೇ ಕಂಬಳಿಯನ್ನು ತೊಳೆಯಲೆಂದು ಚಳಿಯಲ್ಲಿ ಕಿತ್ತುಕೊಂಡಂತೆ. ಲಾಳ ಎಂಥದೇ ಇರಲಿ, ಅದಕ್ಕೆ ಮೊದಲು ಗೊರಸನ್ನು ಸರಿಯಾಗಿ ಸವರದಿದ್ದರೆ ಖರ್ಚೆಲ್ಲ ನೀರಿನಲ್ಲಿ ಹೋಮವೆಂದು ವೈದ್ಯೆ ಎರಡು ಮೂರು ಸಲ ಹೇಳಿದರು.

ಆಮೇಲೆ ಯಾವ ಲಾಳ ಎಂಬ ಪ್ರಶ್ನೆ. ನ್ಯಾಯಾಲಯದಲ್ಲಿಯೂ ನಾನು ಇಷ್ಟು ಒಳ್ಳೆಯ ವಾದ ಪ್ರತಿವಾದ ಕೇಳಿದ್ದು ಕಡಿಮೆ.

ಹಿಮ್ಮಡಿ ತಗ್ಗಾಗಿದೆಯಾದ್ದರಿಂದ ಹಿಂದೆ ದಪ್ಪ, ಮುಂದೆ ತೆಳುವಾದ ಲಾಳ ಹೊಡೆದು ಎತ್ತರಿಸೋಣ ಎಂಬುದು ಚಾಚಾ ಅವರ ಸಲಹೆ. ಕೇಳಿದವರಿಗೆಲ್ಲ ಸರಿಯೆನಿಸುವ ಸಲಹೆ. ಗೆರೆ ನೇರವಾಗುತ್ತದೆ, ಕಾಲಿನ ಹಿಂದಿನ ಸ್ನಾಯುರಜ್ಜುವಿನ ಎಳೆತ ಕಡಿಮೆಯಾಗಿ ಕುದುರೆ ಒಡನೆಯೇ ಹಗುರವಾಗಿ ನಡೆಯುವುದೂ ಉಂಟು. ವೈದ್ಯೆ ಒಪ್ಪಲಿಲ್ಲ. ಎತ್ತರಿಸಿದ ಹಿಮ್ಮಡಿಯ ಮೇಲೆ ಭಾರ ಇನ್ನೂ ಹೆಚ್ಚು ಬೀಳುತ್ತದೆ. ಮೊದಲೇ ಜಜ್ಜಿದ ಭಾಗ ತಿಂಗಳುಗಟ್ಟಲೆ ಆ ಭಾರ ಹೊತ್ತರೆ ಮತ್ತಷ್ಟು ಕುಸಿಯುತ್ತದೆ. ಕೆಲವು ರೋಗಗಳಲ್ಲಿ, ಸ್ವಲ್ಪ ಕಾಲದ ಮಟ್ಟಿಗೆ, ಅದು ಬೇಕಾಗುತ್ತದೆ. ಇಲ್ಲಿ ಬೇಡ.

ಬೇಕಾದದ್ದು ಎತ್ತರವಲ್ಲ, ವಿಸ್ತಾರ. ಸಾಮಾನ್ಯ ಲಾಳ ಹಿಂದೆ ತೆರೆದಿರುತ್ತದೆ. ಆ ಎರಡು ತುದಿಗಳನ್ನು ಅಡ್ಡಪಟ್ಟಿಯಿಂದ ಕೂಡಿಸಿದರೆ ಅದು ಪಟ್ಟಿಯ ಲಾಳ. ಭಾರವು ಎರಡು ಹಿಮ್ಮಡಿಗಳ ಮೊನೆಯ ಮೇಲೆ ಬೀಳದೆ ಗೊರಸಿನ ಹಿಂಭಾಗಕ್ಕೆಲ್ಲ ಹಂಚಿಹೋಗುತ್ತದೆ. ಬಿರುಕಿನ ಎರಡು ಬದಿಗಳು ಪ್ರತಿ ಹೆಜ್ಜೆಗೂ ಬೇರೆ ಬೇರೆಯಾಗಿ ಅಲುಗುವುದು ಕಡಿಮೆಯಾಗುತ್ತದೆ. ಇದರಲ್ಲಿ ಮೊಟ್ಟೆಯಾಕಾರದ್ದೊಂದು ಬಗೆಯಿದೆ. ಅದು ಹಿಮ್ಮಡಿಯನ್ನು ದಾಟಿ ಹಿಂದಕ್ಕೆ ಚಾಚಿಕೊಂಡಿದ್ದು, ಕುಸಿದ ಹಿಮ್ಮಡಿಗೆ ಒಳ್ಳೆಯ ಆಸರೆ ಕೊಡುತ್ತದೆ. ಪುಸ್ತಕದಲ್ಲಿ ರಾಣಿಗೆ ಅದೇ ಸರಿ. ಆದರೆ ಈ ಸಲ ಮಾತು ಚಾಚಾ ಅವರದಾಯಿತು. “ಮಳಿಗಾಲ ಬರ್ತೈತಿ. ನಮ್ಮ ಎರಿಮಣ್ಣಾಗ ಹಿಂದ್ ಚಾಚಿದ್ ನಾಲ ನಿಂದರ್ತೈತೇನ್ರಿ?” ಕಪ್ಪು ಎರೆಮಣ್ಣು ಹೀರಿ ಹಿಡಿಯುತ್ತದೆ, ಹಿಂಗಾಲು ಚಾಚಿದ ಭಾಗವನ್ನು ತುಳಿಯುತ್ತದೆ, ಲಾಳ ಕಿತ್ತು ಬರುವಾಗ ಗೊರಸಿನ ಗೋಡೆಯನ್ನೂ ತುಂಡಾಗಿ ಕೊಂಡೊಯ್ಯುತ್ತದೆ. ವೈದ್ಯೆ ಕೂಡಲೇ ಒಪ್ಪಿದರು. ಹೆಚ್ಚು ಹಿಂದಕ್ಕೆ ಚಾಚದ, ನೇರ ಅಡ್ಡಪಟ್ಟಿಯ ಲಾಳವೆಂದು ನಿಶ್ಚಯವಾಯಿತು. ಪುಸ್ತಕದ ವಿದ್ಯೆಗೂ ನೆಲದ ವಿದ್ಯೆಗೂ ಹೀಗೆ ರಾಜಿಯಾದದ್ದು ನನಗೆ ಬಹಳ ಹಿಡಿಸಿತು. ರಾಜಿ ಮಾಡಿಸುವುದೇ ನನ್ನ ಅರ್ಧ ಉದ್ಯೋಗವಲ್ಲವೆ?

ಚಾಚಾ ಅದನ್ನು ಕುಲುಮೆಯಲ್ಲಿ ತಾವೇ ಮಾಡಿದರು. ಪಟ್ಟಿ ಅಗಲವಾದದ್ದು; ಚಪ್ಪಟೆ ಅಂಗಾಲನ್ನು ಒತ್ತದಂತೆ ಒಳಅಂಚನ್ನು ತಗ್ಗಿಸಿ ಬಡಿದದ್ದು. ಲಾಳದ ಮುಂತುದಿಯನ್ನು ತುಸು ಹಿಂದಕ್ಕೆ ಕೂಡಿಸಿ, ಅಂಚನ್ನು ದುಂಡಗೆ ಮಾಡಲಾಯಿತು. ಹೆಜ್ಜೆ ಎತ್ತುವಾಗ ಗೊರಸು ಸುಲಭವಾಗಿ ಉರುಳಲೆಂದು. ಮೊಳೆಗಳೆಲ್ಲ ಗೊರಸಿನ ಅತಿ ಅಗಲವಾದ ಭಾಗದಿಂದ ಮುಂದಕ್ಕೆ, ಬದಿಗೆ ಮೂರರಂತೆ. ಹಿಂಭಾಗಕ್ಕೆ ಮೊಳೆ ಹೊಡೆಯುವಂತಿಲ್ಲ, ಏಕೆಂದರೆ ಭಾರ ಬಿದ್ದಾಗ ಗೊರಸಿನ ಹಿಂಬದಿ ಸ್ವಲ್ಪ ಅಗಲವಾಗಬೇಕು. ಅದು ಗೊರಸಿನ ಉಸಿರಾಟವಿದ್ದಂತೆ. ಬಿರುಕಿನ ಕೆಳಗೆ ಗೋಡೆಯ ಅಂಚನ್ನು ಕೂದಲೆಳೆಯಷ್ಟು ಸವರಿ, ಆ ಭಾಗ ಲಾಳಕ್ಕೆ ತಾಗದಂತೆ ಬಿಡಲಾಯಿತು.

ಅಂಗಾಲಿಗೂ ಲಾಳಕ್ಕೂ ನಡುವೆ ಚರ್ಮದ ಹಾಸು ಹಾಕಬೇಕೆ ಎಂಬುದರ ಮೇಲೆ ಮತ್ತೆ ಚರ್ಚೆ. ಹಾಸು ಕಲ್ಲಿನ ಪೆಟ್ಟನ್ನು ತಡೆಯುತ್ತದೆ. ಆದರೆ ಅದರ ಕೆಳಗೆ ತೇವ ಮತ್ತು ಕೊಳೆ ಕೂಡುತ್ತವೆ, ಒಳಗೇನಾಗುತ್ತಿದೆಯೆಂದು ಕಾಣುವುದಿಲ್ಲ. ಮೆತ್ತೆ ಮೊದಲೇ ಕೊಳೆತ ಕುದುರೆಗೆ ಅದು ಅಪಾಯ. ಕೊಳೆತ ಒಣಗುವ ತನಕ ಔಷಧಿ ಹಚ್ಚಿ, ಬೇಸಿಗೆಯ ಕೊನೆಯ ವಾರಗಳಲ್ಲಿ ಮೊದಲ ಲಾಳಕ್ಕೆ ಮಾತ್ರ ಹಾಸು ಹಾಕಿದರು; ಮಳೆ ಹಿಡಿದ ಮೇಲೆ ತೆಗೆದರು.

ಇಷ್ಟು ಓದಿದವರಲ್ಲಿ ಯಾರಾದರೂ ‘ನಮ್ಮ ಕುದುರೆಗೂ ಪಟ್ಟಿಯ ಲಾಳ ಹೊಡೆಸೋಣ’ ಎಂದು ಹೊರಟಾರು. ಅವರು ದಯವಿಟ್ಟು ನಿಲ್ಲಬೇಕು. ಒಂದೇ ಬಗೆಯ ಕುಂಟಿಗೆ ಹತ್ತು ಬಗೆಯ ಕಾರಣಗಳಿರುತ್ತವೆ. ಉದಾಹರಣೆಗೆ, ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ನಡುವಿನ ಬೆಸುಗೆಯೇ ಉರಿಯೂತದಿಂದ ಸಡಿಲವಾಗುವ ರೋಗವಿದೆ. ಲ್ಯಾಮಿನೈಟಿಸ್ ಎಂದು ಅದರ ಹೆಸರು. ಮದುವೆಯ ಸುಗ್ಗಿಯಲ್ಲಿ ಪ್ರೀತಿಯಿಂದ ಹೆಚ್ಚಾಗಿ ತಿನ್ನಿಸಿದ ಕಾಳಿನಿಂದಲೂ ಅದು ಬರಬಹುದು. ಕುದುರೆ ಮುಂಗಾಲನ್ನು ಮುಂದೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ, ಗೊರಸು ಬಿಸಿಯಾಗಿರುತ್ತದೆ, ಗಂಟಿನ ಹಿಂದೆ ಬೆರಳಿಟ್ಟರೆ ನಾಡಿ ಬಲವಾಗಿ ಬಡಿಯುತ್ತದೆ. ಆಗ ನಾಲಬಂದನ ಬಳಿಗೆ ನಡೆಸಿಕೊಂಡು ಹೋಗಲೇಬಾರದು. ಕಾಳು ನಿಲ್ಲಿಸಿ, ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ನಿಂತಲ್ಲಿಗೇ ವೈದ್ಯರನ್ನು ಕರೆಸಬೇಕು. ಆ ರೋಗಕ್ಕೆ ಹೃದಯಾಕಾರದ ಪಟ್ಟಿಯ ಲಾಳವೊಂದಿದೆ. ಅದರ ನಡುವಿನ ನಾಲಗೆ ಮೆತ್ತೆಯ ಮೇಲೆ ಆತುಕೊಂಡು ಎಲುಬಿಗೆ ಆಸರೆಯಾಗುತ್ತದೆ. ಕ್ಷಕಿರಣದ ಚಿತ್ರವಿಲ್ಲದೆ ಅಂದಾಜಿನಿಂದ ಹೊಡೆದು ಆ ನಾಲಗೆ ಎಳ್ಳಷ್ಟು ಮುಂದೆ ಹೋಯಿತೋ, ಇಲ್ಲವೆ ಹೆಚ್ಚು ಒತ್ತಿತೋ, ಆಸರೆಯೇ ಚಿತ್ರಹಿಂಸೆಯಾಗುತ್ತದೆ.

ಗೋಡೆ ಪುಡಿಪುಡಿಯಾಗಿ ಮೊಳೆಯೇ ನಿಲ್ಲದ ಗೊರಸುಗಳ ಕಥೆ ಬೇರೆ. ಅವಕ್ಕೆ ಬದಿಯಲ್ಲಿ ಕಿವಿಯಂತೆ ಎದ್ದ ಹಿಡಿಕೆಗಳಿರುವ ಲಾಳ ಹೊಡೆದು ಮೊಳೆಗಳ ಮೇಲಿನ ಒತ್ತಡ ಕಡಿಮೆ ಮಾಡಬಹುದು. ಅಂಟಿನಿಂದ ಕೂಡಿಸುವ ಲಾಳಗಳೂ, ಬೇಕಾದಾಗ ತೊಡಿಸಿ ತೆಗೆಯುವ ರಬ್ಬರಿನ ಬೂಟುಗಳೂ ಇವೆ, ದುಬಾರಿ. ಆಹಾರದಲ್ಲಿ ಬಯೋಟಿನ್ ಎಂಬ ಜೀವಸತ್ತ್ವವನ್ನು ದಿನಕ್ಕೆ 15ರಿಂದ 20 ಮಿಲಿಗ್ರಾಂ ಕೊಟ್ಟರೆ ಹೊಸ ಗೊರಸು ಗಟ್ಟಿಯಾಗಿ ಬರುವುದುಂಟು. ಹೊಸದು ಮಾತ್ರ; ಈಗಾಗಲೇ ಒಡೆದದ್ದನ್ನು ಯಾವ ಪುಡಿಯೂ ಕೂಡಿಸದು. ತುದಿಯವರೆಗೆ ಪೂರ್ತಿ ಹೊಸ ಗೊರಸು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮೂರು ವಾರ ತಿನ್ನಿಸಿ ಗುಣವಿಲ್ಲವೆಂದು ಡಬ್ಬಿ ಎಸೆಯುವವರು ಇದನ್ನು ಗಮನಿಸಬೇಕು.

ಕುದುರೆಯ ವೈದ್ಯವನ್ನು ಕನ್ನಡದಲ್ಲಿ ಬರೆದವರು ಹಿಂದೆಯೇ ಇದ್ದರು. ಅಭಿನವಚಂದ್ರ ಬರೆದ, ಪದ್ಮಣ ಪಂಡಿತ ‘ಹಯಸಾರ ಸಮುಚ್ಚಯ’ವನ್ನೇ ರಚಿಸಿದ. ಆದರೂ ರಾಣಿಯ ಪ್ರಕರಣದಲ್ಲಿ ಪಂಚನಾಮೆ, ಜಬಾಬು, ವೈದ್ಯರ ವರದಿ ಎಲ್ಲವೂ ಮರಾಠಿಯಲ್ಲಿ. ಮಾಲೀಕನಿಗೆ ಗೊತ್ತಿದ್ದದ್ದು ಗೊರಸು, ಹಿಮ್ಮಡಿ, ಅಂಗಾಲು ಎಂಬ ನಮ್ಮ ಮಾತುಗಳು. ಮೊದಲ ಜಬಾಬಿನಲ್ಲಿ ಅವನು ‘ಗೊರಸು ಸೀಳೈತಿ, ನಾ ನೋಡಿಲ್ಲ’ ಎಂದದ್ದು ‘ಗೊರಸು ಸೀಳಿದ್ದನ್ನು ನೋಡಿಯೂ ಲಕ್ಷ್ಯ ಕೊಡಲಿಲ್ಲ’ ಎಂಬ ಅರ್ಥದಲ್ಲಿ ಇಳಿದಿತ್ತು. ಬರೆದುಕೊಂಡವರ ದುರುದ್ದೇಶವಲ್ಲ. ಆದರೆ ಕುದುರೆ ಯಾರ ಕೊಟ್ಟಿಗೆಯಲ್ಲಿರಬೇಕೆಂಬುದು ಆ ಒಂದು ವಾಕ್ಯದ ಮೇಲೆ ತೂಗುತ್ತಿತ್ತು. ಅದನ್ನು ಸರಿಪಡಿಸಲು ನನಗೆ ಎರಡು ತಾರೀಖು ಹಿಡಿಯಿತು. ನಮ್ಮ ಗಡಿಯ ಓದುಗರಿಗೆ ಒಂದು ವಿನಂತಿ: ಜಬಾಬಿಗೆ ಸಹಿ ಮಾಡುವ ಮುನ್ನ ಅದನ್ನು ನಿಮ್ಮ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳಿ. ಕೇಳಿದರೆ ಯಾರೂ ಬೈಯುವುದಿಲ್ಲ, ಬೈದರೂ ಕೇಳಿ.

ಐದು ವಾರಕ್ಕೊಮ್ಮೆ ಲಾಳ ಕಿತ್ತು, ಸವರಿ, ಮತ್ತೆ ಹೊಡೆಯುವ ಕ್ರಮ ನಡೆಯಿತು. ಪ್ರತಿ ಸಲವೂ ಪಕ್ಕದಿಂದ, ಹಿಂದಿನಿಂದ, ಅಡಿಯಿಂದ ಛಾಯಾಚಿತ್ರ ತೆಗೆಸಿ ದಿನಾಂಕ ಬರೆದಿಟ್ಟೆವು. ಮೂರನೆಯ ಸಲಕ್ಕೆ ಹಿಮ್ಮಡಿ ಹಿಂದಕ್ಕೆ ಸರಿದದ್ದು ನನ್ನಂಥವನಿಗೂ ಕಾಣುತ್ತಿತ್ತು. ಕೂದಲಂಚಿನ ಕೆಳಗೆ ಬಿರುಕಿಲ್ಲದ ಹೊಸ ಗೋಡೆ ಒಂದು ಬೆರಳಿನಷ್ಟು ಇಳಿದಿತ್ತು. ಮಾಲೀಕ ಆಗಲೇ ಪಟ್ಟಿಯ ಲಾಳ ಬಿಟ್ಟು ಹಳೆಯದಕ್ಕೆ ಮರಳುವ ಮಾತೆತ್ತಿದ. ಖರ್ಚು ಅವನಿಗೆ ಭಾರವಾಗಿತ್ತು, ಗಳಿಕೆ ಇರಲಿಲ್ಲ. ವೈದ್ಯೆ ಇನ್ನೆರಡು ಸಲ ಕಾಯಿಸಿದರು. ಆಮೇಲೆ ಹಿಂದೆ ತೆರೆದ, ಆದರೆ ಅಗಲ ಪಟ್ಟಿಯ, ಹಿಮ್ಮಡಿಯ ಬಳಿ ಗೊರಸಿಗಿಂತ ತುಸು ಹೊರಕ್ಕೆ ನಿಲ್ಲುವ ಲಾಳಕ್ಕೆ ಇಳಿದರು. ಊರುಗೋಲನ್ನು ಕಸಿದುಕೊಳ್ಳುವುದಕ್ಕೂ ಒಂದು ದಿನವಿರುತ್ತದೆ. ಅದು ಕ್ಯಾಲೆಂಡರಿನಲ್ಲಿ ಅಲ್ಲ, ಗೊರಸಿನಲ್ಲಿ ಬರೆದಿರುತ್ತದೆ.

ದೀಪಾವಳಿಯ ನಂತರ ಪ್ರಕರಣ ಮುಗಿಯಿತು. ಕುಂಟುವ ಕುದುರೆಯನ್ನು ಕೆಲಸಕ್ಕೆ ಹಚ್ಚಿದ್ದು ನಿಜವಾದ್ದರಿಂದ ಅವನು ತಪ್ಪೊಪ್ಪಿಕೊಂಡ, ನಾನೂ ಬೇಡವೆನ್ನಲಿಲ್ಲ. ದೂರು ಕೊಟ್ಟವರು ಸುಳ್ಳು ಹೇಳಿರಲಿಲ್ಲ, ಅವರು ನೋಡದಿದ್ದರೆ ಬಿರುಕು ಬಣ್ಣದ ಕೆಳಗೆ ಇನ್ನೂ ಏರುತ್ತಿತ್ತು. ದಂಡ 50 ರೂಪಾಯಿ. ಛಾಯಾಚಿತ್ರಗಳನ್ನೂ ವೈದ್ಯೆಯ ವರದಿಗಳನ್ನೂ ನೋಡಿದ ನ್ಯಾಯಾಧೀಶರು ಮುಟ್ಟುಗೋಲಿನ ಆದೇಶ ಮಾಡಲಿಲ್ಲ.

ಕಳೆದ ವಾರ ಚಾಚಾ ಅವರ ಕುಲುಮೆಯ ಮುಂದೆ ರಾಣಿ ನಿಂತಿದ್ದಳು. ಎಡಗಾಲಿನ ಬಿರುಕು ಬಹಳ ಹಿಂದೆಯೇ ಬೆಳೆದು ಇಳಿದುಹೋಗಿತ್ತು. ಮುಂತುದಿಯಲ್ಲಿ ಉಳಿದಿದ್ದ ಹಳೆಯ ಗೊರಸಿನ ಕೊನೆಯ ತುಣುಕು ಅಂದು ಅರದ ಕೆಳಗೆ ಪುಡಿಯಾಗಿ ಬಿತ್ತು. ಈ ವರ್ಷದ ಮದುವೆಗಳಿಗೆ ಮಾಲೀಕ ನಾಲ್ಕು ಸುಪಾರಿ ಹಿಡಿದಿದ್ದಾನೆ. ನಾಲ್ಕೂ ಹಳ್ಳಿಯವು, ಮಣ್ಣಿನ ದಾರಿಯವು. ವರನನ್ನು ಹೊತ್ತು ನಡೆಯುವುದಷ್ಟೇ, ಕುಣಿಸುವುದಿಲ್ಲವೆಂದು ಮೊದಲೇ ಹೇಳಿದ್ದಾನಂತೆ. ಐದನೆಯವರು ಪೇಟೆಯವರು, ಡಾಂಬರಿನ ಮೇಲೆ ಎರಡು ತಾಸು ಕುಣಿಯಬೇಕೆಂದರು, ಹಣವನ್ನೂ ಇಮ್ಮಡಿ ಹೇಳಿದರು. “ಏನಂದಿ?” ಎಂದು ಕೇಳಿದೆ. ಅವನು ರಾಣಿಯ ಕಾಲು ಎತ್ತಿ ಹಿಡಿದಿದ್ದ. ಚಾಚಾ ಮೊದಲ ಮೊಳೆ ಇಟ್ಟು ಸುತ್ತಿಗೆ ಎತ್ತಿದ್ದರು. “ಡಿಜೆ ಗಾಡಿ ಮುಂದ ನೀವೇ ಕುಣೀರಿ ಅಂದ್ನಿರಿ” ಎಂದ.